ಗಾಜಿನ ತೊಟ್ಟಿಯ ತಳಕ್ಕೆ ಯಾವ ಮಣ್ಣು?

ಗಾಜಿನ ತೊಟ್ಟಿಯಲ್ಲಿ ಮೀನುಗಳೊಡನೆ ಜಲಸಸ್ಯಗಳನ್ನೂ ಬೆಳೆಸಬೇಕೆಂಬ ಹಂಬಲವು ಅನೇಕ ವಿದ್ಯಾರ್ಥಿಗಳಲ್ಲಿ ಉಂಟು. ಆದರೆ ಅಂಗಡಿಯಲ್ಲಿ ತಳಕ್ಕೆ ಹರಡುವ ಮಣ್ಣಿನ ಬೆಲೆಯನ್ನು ಕೇಳಿದೊಡನೆಯೇ ಅವರ ಉತ್ಸಾಹವು ಕುಗ್ಗುತ್ತದೆ. ಇದು ಉಳ್ಳವರ ವಿನೋದವೆಂದು ಬಗೆದು ಅವರು ಹಿಂದಿರುಗುತ್ತಾರೆ. ಈ ನಿರಾಶೆಯು ಅನಾವಶ್ಯಕವೆಂಬುದು ನಮ್ಮ ಅಭಿಪ್ರಾಯ.

ಸಸ್ಯಗಳೂ ಮೀನುಗಳೂ ಒಂದೇ ನೀರಿನಲ್ಲಿ ಪರಸ್ಪರ ಆಶ್ರಯದಿಂದ ಬಾಳಬಲ್ಲವೆಂಬುದನ್ನು ಕುರಿತ ತನ್ನ ಪ್ರಯೋಗವನ್ನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದನು. ಅವನ ಪಾತ್ರೆಯಲ್ಲಿದ್ದುವು ಎರಡು ಚಿನ್ನದ ಮೀನುಗಳು ಮತ್ತು ಒಂದು ವ್ಯಾಲಿಸ್ನೇರಿಯ ಗಿಡ. ತಳದಲ್ಲಿದ್ದುದು ಮರಳು, ಕೆಸರು ಮತ್ತು ಕೆಲವು ಕಲ್ಲುಗಳು. ಕೊಳೆತ ಎಲೆಗಳನ್ನು ತಿನ್ನಲು ಅವನು ಬಳಿಕ ಬಸವನಹುಳುಗಳನ್ನೂ ಬಿಟ್ಟನು.

ತೊಟ್ಟಿಯ ತಳವು ಮಾಡಬೇಕಾದ ಕೆಲಸಗಳು ಮೂರು: ಬೇರನ್ನು ಹಿಡಿದು ನಿಲ್ಲಿಸುವುದು, ಗಿಡಕ್ಕೆ ಆಹಾರವನ್ನೀಯುವುದು, ಅನಿಲಗಳು ಸಂಚರಿಸಲು ದಾರಿ ಬಿಡುವುದು. ಮೊದಲನೆಯದಕ್ಕೆ ಮರಳು ಸಾಕು. ಎರಡನೆಯದಕ್ಕೆ ತೋಟದ ಮಣ್ಣು ಸಾಕು. ಸೂಕ್ಷ್ಮವಾದುದು ಮೂರನೆಯದೇ. ನಿಶ್ಚಲವಾದ ನೀರಿನಲ್ಲಿ ಆಮ್ಲಜನಕವು ವಿಸರಣೆಯೊಂದರಿಂದಲೇ 1 ಸೆಂ.ಮೀ. ಸಾಗಲು ಸುಮಾರು 7 ಗಂಟೆಗಳು ಬೇಕು. ಆದರೆ 5 ಸೆಂ.ಮೀ. ಸಾಗಲು 5 ಪಟ್ಟು ಕಾಲ ಸಾಲದು, 25 ಪಟ್ಟು ಬೇಕು. ಎಂದರೆ ಒಂದು ವಾರ! ಕಣಗಳ ಸಂದುಗಳಲ್ಲಿ ಅದು ಇನ್ನೂ ನಿಧಾನ. ಆದುದರಿಂದ ತಳವು ಅತಿ ದಪ್ಪವಾದರೆ ಕೆಳಗೆ ಆಮ್ಲಜನಕವು ಮುಗಿದು, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟಬಹುದು. ಅದು ಬೇರಿಗೂ ಮೀನಿಗೂ ವಿಷ. ಈ ನಿಯಮವು ಮಣ್ಣಿನ ಬೆಲೆಯನ್ನು ನೋಡುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಗೊಬ್ಬರವಾಗಲಿ ಕೀಟನಾಶಕವಾಗಲಿ ಬೀಳದ ತೋಟದ ಮಣ್ಣನ್ನು ಜರಡಿ ಹಿಡಿದು 2 ಸೆಂ.ಮೀ. ದಪ್ಪಕ್ಕೆ ಹರಡಿರಿ. ಅದರ ಮೇಲೆ ಚೆನ್ನಾಗಿ ತೊಳೆದ ಒರಟು ಮರಳನ್ನು 3 ಸೆಂ.ಮೀ. ಹಾಸಿರಿ. ಇದಕ್ಕಾಗಿ ನದಿಯನ್ನು ತೋಡಬೇಕಾಗಿಲ್ಲ. ಗಾರೆ ಕೆಲಸದವರು ಜರಡಿ ಹಿಡಿದು ಬಿಸುಡುವ ಎರಡು ಮೂರು ಮಿ.ಮೀ. ಗಾತ್ರದ ಕಣಗಳೇ ಉತ್ತಮ. ಅವುಗಳ ಮೇಲೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಹಾಕಿ ನೋಡಿರಿ. ನೊರೆಯೆದ್ದರೆ ಅದರಲ್ಲಿ ಸುಣ್ಣವುಂಟು, ಅದು ನೀರನ್ನು ಗಡುಸಾಗಿಸುತ್ತದೆ. ಬೇರೆ ಮರಳನ್ನು ಹುಡುಕಿರಿ. ಗಿಡಗಳನ್ನು ಒತ್ತಾಗಿ ನೆಡಿರಿ; ಅವುಗಳ ಬೇರುಗಳು ತಾವೇ ಆಮ್ಲಜನಕವನ್ನು ಕೆಳಕ್ಕೊಯ್ಯುತ್ತವೆ. ಹೊಸ ಮಣ್ಣು ಅಮೋನಿಯವನ್ನು ಬಿಡುವುದರಿಂದ, ಅದು ಇಳಿಯುವವರೆಗೆ ಕೆಲವು ವಾರ ಮೀನುಗಳನ್ನು ಬಿಡಲಾಗದು.

ಅಂಗಡಿಯ ಮಣ್ಣು ವ್ಯರ್ಥವೆಂದು ನಾವು ಹೇಳುವುದಿಲ್ಲ. ಅದು ನೀರನ್ನು ಕದಡಿಸುವುದು ಕಡಿಮೆ. ಮೆದುನೀರನ್ನು ಬಯಸುವ ಗಿಡಗಳಿಗೆ ಅನುಕೂಲವೂ ಹೌದು. ಆದರೆ ಅದರ ಸತ್ತ್ವವೂ ಕಾಲಕ್ರಮದಲ್ಲಿ ತೀರುತ್ತದೆ. ಹಣವಿದ್ದವರು ಕೊಳ್ಳಲಿ, ಇಲ್ಲದವರು ಹಿಂಜರಿಯಬೇಕಾಗಿಲ್ಲ. ಕೊಂಡ ಚೀಲವನ್ನು ಸುರಿಯುವವನಿಗಿಂತ, ಮಣ್ಣನ್ನು ಪರೀಕ್ಷಿಸಿ ಆರಿಸಿದ ವಿದ್ಯಾರ್ಥಿಯೇ ತನ್ನ ತೊಟ್ಟಿಯನ್ನು ಹೆಚ್ಚು ಬಲ್ಲನು.