ಒಂದೇ ಚಿಹ್ನೆಯ ಭಾಷೆ
ಟ್ರೀ ಕ್ಯಾಲ್ಕುಲಸ್ ಎಂಬ ಗಣನಾ ಪದ್ಧತಿಯಲ್ಲಿರುವುದು △ ಎಂಬ ಒಂದೇ ಮೂಲಕ್ರಿಯೆ. ಆಸ್ಟ್ರೇಲಿಯಾದ ಕಂಪ್ಯೂಟರ್ ವಿಜ್ಞಾನಿ ಬ್ಯಾರಿ ಜೇ 2021ರ ಪುಸ್ತಕದಲ್ಲಿ ಅದನ್ನು ವಿವರಿಸಿದರು. ಬರೀ △ ಇದ್ದರೆ ಎಲೆ, ಅದಕ್ಕೆ ಒಂದು ಮರ ಸೇರಿದರೆ ಕಾಂಡ, ಎರಡು ಸೇರಿದರೆ ಕವಲು. ಮೂರನೆಯದು ಬಂದಾಗ ಲೆಕ್ಕ ಶುರು. ಮೊದಲನೆಯದು ಎಲೆಯಾದರೆ ಎರಡನೆಯದು ಉಳಿದು ಮೂರನೆಯದು ಬಿದ್ದುಹೋಗುತ್ತದೆ: △△ಕಖ ಎಂದರೆ ಕ. ಕಾಂಡವಾದರೆ ಮೂರನೆಯದು ಎರಡು ಕಡೆ ಬಳಕೆಯಾಗುತ್ತದೆ. ಕವಲಾದರೆ ಅದರ ಎರಡೂ ಟಿಸಿಲುಗಳು ಮೂರನೆಯದರ ಪಾಲು. ಪ್ರೋಗ್ರಾಮೂ ದತ್ತಾಂಶವೂ ಮರವೇ ಆದ್ದರಿಂದ ಒಂದು ಪ್ರೋಗ್ರಾಮ್ ಇನ್ನೊಂದರ ಒಳರಚನೆಯನ್ನು ನೇರವಾಗಿ ಓದಬಲ್ಲದು. 1924ರಲ್ಲಿ ಮೋಸೆಸ್ ಶೋನ್‌ಫಿಂಕೆಲ್ ಪ್ರಕಟಿಸಿದ ಕಾಂಬಿನೇಟರ್ ಎಂಬ, ಚರಾಕ್ಷರಗಳಿಲ್ಲದ ಫಂಕ್ಷನ್‌ಗಳಿಗೆ ಅದು ಸಾಧ್ಯವಿಲ್ಲ. ಟ್ರೀ ಕ್ಯಾಲ್ಕುಲಸ್‌ನ ಮೇಲೆ ಪುಟ್ಟ ಭಾಷೆ ಕಟ್ಟುವವರು ಹೆಸರಿಡುವ, ಆವರಣ ಹಾಕುವ, ಫಂಕ್ಷನ್ ಬರೆಯುವ ಸೌಲಭ್ಯ ಕೊಟ್ಟರೆ ಸಾಕು. ಚರಾಕ್ಷರಗಳನ್ನೆಲ್ಲ ಕಂಪೈಲರ್ ತೆಗೆದುಹಾಕಿ ಬರೀ ಮರವನ್ನು ಉಳಿಸುತ್ತದೆ.