ಗುಂಡಿ ಸವೆದರೆ ಬೆರಳಿಗೇಕೆ ದಂಡ?



ನೇಗಿಲಿನ ಕುಳ ಸವೆದರೆ ಅದನ್ನು ಕುಲುಮೆಗೆ ಒಯ್ದು ತಟ್ಟಿಸಬೇಕು, ಇಲ್ಲವಾದರೆ ನೋಯುವುದು ಎತ್ತಿನ ಹೆಗಲು. ಬೆಳುಗುಪ್ಪದ ಕಡೆಯ ರೈತನಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಸಾಲು ಸೊಟ್ಟಗಾಯಿತೆಂದು ಎತ್ತನ್ನು ಹೊಡೆಯುವವನನ್ನು ಕಂಡು ಊರು ನಗುತ್ತದೆ. ಆದರೆ ಹೊಸ ಯಂತ್ರಗಳ ಮುಂದೆ ನಿಂತೊಡನೆ ಈ ತಿಳಿವಳಿಕೆ ನಮ್ಮನ್ನು ಬಿಟ್ಟುಹೋಗುತ್ತದೆ. ವಿಡಿಯೊ ಮಿಕ್ಸರಿನ ಸವೆದ ಬಟನ್ ಕ್ಯಾಪುಗಳ ವಿಷಯ ಹಾಗೆಯೇ ಆಗಿದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ದೇವಾಲಯಗಳ ಬಾಗಿಲು ಮುಚ್ಚಿದಾಗ ಅನೇಕ ಸಭೆಗಳು ಆರಾಧನೆಯನ್ನು ಫೋನಿನ ಮೂಲಕ ಮನೆಗಳಿಗೆ ಮುಟ್ಟಿಸಿದವು. ಬಾಗಿಲು ತೆರೆದ ಮೇಲೂ ಆ ರೂಢಿ ಉಳಿಯಿತು. ಮದುವೆಗೂ ಲೈವ್ ಬೇಕು, ಕನ್ವೆನ್ಷನ್ನಿಗೂ ಬೇಕು, ಸಮಾಧಿಯ ಆರಾಧನೆಗೂ ಬೇಕು. ನಮ್ಮ ಹುಡುಗರು ಕೆಲವರು ದಿನಗೂಲಿಗೆ ಈ ಕೆಲಸ ಮಾಡುತ್ತಾರೆ. ಎರಡು ಮೂರು ಕ್ಯಾಮೆರಾಗಳ ಚಿತ್ರ ಮಿಕ್ಸರಿಗೆ ಬರುತ್ತದೆ. ಸಾಮಾನ್ಯವಾಗಿ ಅದರ ಮೇಲೆ ಎರಡು ಸಾಲು ಬಟನ್‌ಗಳಿರುತ್ತವೆ. ಜನ ನೋಡುತ್ತಿರುವ ಕ್ಯಾಮೆರಾದ ಬಟನ್ ಕೆಂಪಾಗಿ ಉರಿಯುತ್ತದೆ, ಮುಂದೆ ಬರಬೇಕಾದದ್ದು ಹಸಿರಾಗಿ. ‘ಕಟ್’ ಒತ್ತಿದರೆ ಚಿತ್ರ ಥಟ್ಟನೆ ಬದಲಾಗುತ್ತದೆ, ‘ಆಟೊ’ ಒತ್ತಿದರೆ ಮೆಲ್ಲನೆ. ಕೂತವನ ಕಣ್ಣು ಟಿ.ವಿ.ಯ ಮೇಲಿರುತ್ತದೆ. ಬಟನ್ ಹುಡುಕುವುದು ಬೆರಳು.

ಆದ್ದರಿಂದ ಎಲ್ಲ ಬಟನ್‌ಗಳೂ ಒಂದೇ ಸಮನೆ ಸವೆಯುವುದಿಲ್ಲ. ‘ಕಟ್’ ಮೊದಲು ಸವೆಯುತ್ತದೆ, ಆಮೇಲೆ ಒಂದು, ಎರಡು, ಮೂರನೆಯವು. ಎಂಟನೆಯದು ಹೊಸದಾಗಿಯೇ ಉಳಿಯುತ್ತದೆ. ಅಂಕಿ ಅಳಿಯುತ್ತದೆ, ಮೇಲ್ಮೈ ನುಣುಪಾಗಿ ಬೆರಳು ಜಾರುತ್ತದೆ. ಕ್ಯಾಪು ಸಡಿಲವಾದರೆ ಓರೆಯಾಗಿ ಪಕ್ಕದ ಬಟನ್ನಿಗೆ ಉಜ್ಜುತ್ತದೆ, ಒಮ್ಮೊಮ್ಮೆ ಒತ್ತಿದ್ದು ಮೇಲೇಳುವುದೇ ಇಲ್ಲ.

ಒಂದು ಮದುವೆಯಲ್ಲಿ ನಾನು ಕಂಡದ್ದು ಇದು. ಪೆಟ್ಟಿಗೆ ಬಾಡಿಗೆಯದು, ಎರಡು ಮತ್ತು ಮೂರರ ಅಂಕಿಗಳು ಪೂರ್ತಿ ಅಳಿದಿದ್ದವು. ಹುಡುಗ ಬೆಳಿಗ್ಗೆಯೇ ಮಾಲೀಕನಿಗೆ ಹೇಳಿದ್ದ. “ನಡೆಯುತ್ತದಲ್ಲ, ನಡೆಸು” ಎಂಬ ಉತ್ತರ ಬಂದಿತ್ತು. ಮಾಂಗಲ್ಯ ಕಟ್ಟುವ ಗಳಿಗೆಯಲ್ಲಿ ಬೆರಳು ಮೂರರ ಮೇಲೆ ಬಿತ್ತು. ದೂರದ ನೆಂಟರು ನೋಡಿದ್ದು ಗೋಡೆಯನ್ನು ಮತ್ತು ಒಂದು ಫ್ಯಾನನ್ನು. ಸಂಜೆ ಹುಡುಗನ ಅರ್ಧ ಕೂಲಿ ಹಿಡಿದರು. ಅವನು ಎದುರು ಮಾತಾಡಲಿಲ್ಲ. ಮುಂದಿನ ವಾರದ ಕೆಲಸವೂ ಅದೇ ಮಾಲೀಕನ ಕೈಯಲ್ಲಿತ್ತು. ತಪ್ಪು ಬೆರಳಿನದೋ, ಬೆಳಿಗ್ಗೆಯ ಆ ಉತ್ತರದ್ದೋ ನೀವೇ ಹೇಳಿರಿ.

ಕ್ಯಾಪು ಬದಲಾಯಿಸುವುದು ದೊಡ್ಡ ವಿದ್ಯೆಯಲ್ಲ, ಆದರೆ ಅವಸರದ ಕೆಲಸವೂ ಅಲ್ಲ. ಕಾರ್ಯಕ್ರಮವಿಲ್ಲದ ದಿನ ಕರೆಂಟು ತೆಗೆದು ಕೂರಬೇಕು. ಮೊದಲು ಪ್ಯಾನೆಲ್ಲಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಕ್ಯಾಪನ್ನು ನೇರವಾಗಿ ಮೇಲಕ್ಕೆ ಎಳೆಯಬೇಕು. ಸ್ಕ್ರೂಡ್ರೈವರಿನಿಂದ ಪಕ್ಕದಿಂದ ಎಬ್ಬಿಸಿದರೆ ಕೆಳಗಿನ ಸಣ್ಣ ಗೂಟ ಮುರಿದು, ಕಾಸಿನಲ್ಲಿ ಮುಗಿಯುವುದು ಸಾವಿರಕ್ಕೆ ಹೋಗುತ್ತದೆ. ಧೂಳನ್ನು ಒಣ ಬ್ರಶ್ಶಿನಿಂದ ತೆಗೆದು, ಅದೇ ಅಳತೆಯ ಹೊಸ ಕ್ಯಾಪು ಕೂರಿಸಿ, ಪ್ರತಿಯೊಂದನ್ನೂ ಒತ್ತಿ ನೋಡಬೇಕು. ಹೊಸದು ಸಿಗುವವರೆಗೆ, ಆಕಾರ ಒಂದೇ ಆಗಿದ್ದು ಮೇಲೆ ಅಚ್ಚಾದ ಅಂಕಿ ಇಲ್ಲದಿದ್ದರೆ, ಎಂಟನೆಯದರ ಕ್ಯಾಪನ್ನು ಎರಡನೆಯದಕ್ಕೆ ಹಾಕಬಹುದು. ಆದರೆ ಒತ್ತಿದರೂ ಚಿತ್ರ ಬದಲಾಗದಿದ್ದರೆ, ಅಥವಾ ಒಮ್ಮೆ ಒತ್ತಿದ್ದು ಎರಡು ಸಲ ಬಡಿದರೆ, ಕೆಟ್ಟದ್ದು ಕ್ಯಾಪಲ್ಲ, ಒಳಗಿನ ಸ್ವಿಚ್ಚು; ಅದನ್ನು ಬಲ್ಲವರ ಕೈಗೇ ಕೊಡಬೇಕು. ಕಾಗದ ಅಂಟಿಸಿ ಪೆನ್ನಿನಲ್ಲಿ ಬರೆಯುವುದು ಒಂದು ದಿನದ ಉಪಾಯ. ಬಿಸಿಲಿಗೆ ಅಂಟು ಕರಗಿ ಸಂದಿಗೆ ಇಳಿದರೆ ಬಟನ್ನೇ ಅಂಟಿಕೊಳ್ಳುತ್ತದೆ.

“ಕ್ಯಾಪು ಬಿಡಿಯಾಗಿ ಸಿಗುವುದಿಲ್ಲ” ಎಂಬುದು ಕೆಲವು ಪೆಟ್ಟಿಗೆಗಳ ಮಟ್ಟಿಗೆ ನಿಜ. ಬಿಡಿಭಾಗ ಕೊಡದೆ ಇಡೀ ವಸ್ತುವನ್ನೇ ಮತ್ತೆ ಕೊಳ್ಳಿಸುವ ವ್ಯಾಪಾರದ ವಿರುದ್ಧ ಲೋಕದಲ್ಲೆಲ್ಲ ಕೂಗೆದ್ದಿದೆ. ನಮ್ಮ ಕೇಂದ್ರ ಸರ್ಕಾರವೂ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ನೇಮಿಸಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ವಸ್ತು, ವಾಹನ ಇವು ಅದು ಮೊದಲು ಹಿಡಿದ ವಿಷಯಗಳು. ಮಿಕ್ಸರಿನ ಸರದಿ ಬರುವ ತನಕ ಕಾಯಬೇಕಾಗಿಲ್ಲ. ಹಣ ಕೊಡುವ ಮುಂಚೆಯೇ “ಕ್ಯಾಪು ಬಿಡಿಯಾಗಿ ಕೊಡುತ್ತೀರಾ?” ಎಂದು ಕೇಳುವ ಹಕ್ಕು ಕೊಳ್ಳುವವನಿಗೆ ಉಂಟು.

ನಮ್ಮ ಹಿಂದಿನವರೂ ಸುದ್ದಿ ಮುಟ್ಟಿಸಲು ಯಂತ್ರ ಹಿಡಿದವರೇ. 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹುಟ್ಟಿದ ‘ಮಂಗಳೂರ ಸಮಾಚಾರ’ ಮರುವರ್ಷ ನಮ್ಮ ನೆರೆಯ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಅಚ್ಚುಮೊಳೆ ಸವೆದರೆ ಅಕ್ಷರ ಮಸುಕಾಗುವುದು ಖಂಡಿತ. ಸವೆದ ಮೊಳೆಯನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯುವುದು ಅಚ್ಚುಕೂಟಗಳ ವಾಡಿಕೆಯಾಗಿತ್ತು. ಅದು ಕೆಲಸದ ಖರ್ಚೇ ಹೊರತು ಮೊಳೆ ಜೋಡಿಸುವವನಿಗೆ ಮಾಡಿದ ದಾನವಲ್ಲ.

ಪ್ರಸಂಗಿಯ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಮೊಂಡಾದ ಆಯುಧದ ಮಾತು ಬರುತ್ತದೆ. ಸಾಣೆ ಹಿಡಿಯದೆ ಬಿಟ್ಟರೆ ಹೆಚ್ಚಿನ ಬಲ ಹಾಕಬೇಕಾಗುತ್ತದೆ ಎಂಬುದು ಅಲ್ಲಿನ ತಾತ್ಪರ್ಯ. ಆ ಹೆಚ್ಚಿನ ಬಲ ಯಾರ ಮೈಯಿಂದ ಬರುತ್ತದೆ? ಸಾಣೆಯ ಖರ್ಚು ಉಳಿಸಿದವನ ಮೈಯಿಂದಲ್ಲ, ದುಡಿಯುವವನ ಮೈಯಿಂದ.

ಆದಕಾರಣ ಸಭೆಗಳ ಕಮಿಟಿಯವರಲ್ಲೂ ಬಾಡಿಗೆಗೆ ಕೊಡುವ ಮಾಲೀಕರಲ್ಲೂ ನನ್ನ ಅರಿಕೆ ಇಷ್ಟು. ಪೆಟ್ಟಿಗೆಯ ಜೊತೆಯಲ್ಲಿ ಒಂದು ನೋಟ್‌ಬುಕ್ ಇಡಿರಿ. ಕೆಲಸಕ್ಕೆ ಕೂತವನು ಕೆಟ್ಟದ್ದನ್ನು ಅಂಜದೆ ಅದರಲ್ಲಿ ಬರೆಯಲಿ. ದುರಸ್ತಿಗೆಂದು ಸ್ವಲ್ಪ ಹಣ ಬೇರೆ ತೆಗೆದಿಡಿರಿ. ಬರೆದದ್ದನ್ನು ಸರಿಪಡಿಸದೆ ಯಾರ ಕೂಲಿಯನ್ನೂ ಹಿಡಿಯಬೇಡಿರಿ. ಬಲಿಪೀಠದ ಬಟ್ಟೆ ಮಾಸಿದರೆ ನಾವು ಬದಲಾಯಿಸುತ್ತೇವೆ. ದುಡಿಯುವವನ ಬೆರಳು ದಿನವಿಡೀ ತಾಗುವ ಆ ಚಿಕ್ಕ ಪ್ಲಾಸ್ಟಿಕ್ ಚೂರು ಅದಕ್ಕಿಂತ ಕಡಿಮೆಯದೇನೂ ಅಲ್ಲ.