ಮೀನು ತಿಂದರೆ ಅದು ಉಪವಾಸವಾ?



ಈ ಸಲದ ಗೋಡೆ ಪತ್ರಿಕೆಗೆ ಒಂದು ಕವನ ಕೊಡುವುದು ಎಂದು ಮಾಡಿದ್ದೆ. ಆದರೆ ಹೋದ ಶುಕ್ರವಾರ ಬಿಸಿಯೂಟದ ಸಾಲಿನಲ್ಲಿ ನಡೆದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಅದಕ್ಕೆ ಕವನ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಾಲ್ಕನೇ ತರಗತಿಯಲ್ಲಿರುವ ನನ್ನ ತಂಗಿ ಅಂದು ಮೊಟ್ಟೆ ಬೇಡ ಅಂದಳು. ಯಾಕೆ ಎಂದು ಟೀಚರ್ ಕೇಳಿದ್ದಕ್ಕೆ "ಈಗ ನಮ್ಮ ತಪಸ್ಸುಕಾಲ ಟೀಚರ್, ಶುಕ್ರವಾರ ಆಗುವುದಿಲ್ಲ, ಅಜ್ಜಿ ಬೈಯುತ್ತಾರೆ" ಎಂದಳು. ಆಗ ಸಾಲಿನಲ್ಲಿದ್ದ ನನ್ನ ಗೆಳೆಯನೊಬ್ಬ "ನಿಮಗೆ ಶುಕ್ರವಾರ ಬಂಗುಡೆ ಸಾರು ಆಗುತ್ತದೆ, ಮೊಟ್ಟೆ ಮಾತ್ರ ಆಗುವುದಿಲ್ಲ. ಇದೆಂತ ಉಪವಾಸ ಮಾರಾಯ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಮಾತ್ರ ನನ್ನ ಹತ್ತಿರ ಇರಲಿಲ್ಲ. ಹದಿನೈದು ವರ್ಷದಿಂದ ಇಗರ್ಜಿಗೆ ಹೋಗುವವನಿಗೆ ತನ್ನ ಮನೆಯ ಉಪವಾಸವೇ ಗೊತ್ತಿಲ್ಲ ಅಂದರೆ ನಾಚಿಕೆಯಲ್ಲವೇ? ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೋಗಿ ಕೂತು ಕೇಳಿದೆ. ಅವರು ಹೇಳಿದ್ದನ್ನು ಮೊದಲು ಬರೆಯುತ್ತೇನೆ, ನನ್ನ ಅಭಿಪ್ರಾಯ ಆಮೇಲೆ.

ಕಥೋಲಿಕರಲ್ಲಿ ಉಪವಾಸ ಬೇರೆ, ಮಾಂಸ ಬಿಡುವುದು ಬೇರೆ. ನಾವು ಎರಡನ್ನೂ ಕಲಸಿ ಒಂದು ಮಾಡಿದ್ದೇವೆ. ಕಡ್ಡಾಯವಾದ ಉಪವಾಸ ವರ್ಷಕ್ಕೆ ಎರಡೇ ದಿನ. ಒಂದು ಹಣೆಗೆ ಬೂದಿ ಹಚ್ಚಿಕೊಳ್ಳುವ ವಿಭೂತಿ ಬುಧವಾರ, ಇನ್ನೊಂದು ಶುಭ ಶುಕ್ರವಾರ. ಅಂದು ಒಂದು ಹೊತ್ತು ಪೂರ್ತಿ ಊಟ, ಉಳಿದ ಎರಡು ಹೊತ್ತು ಸ್ವಲ್ಪವೇ ಏನಾದರೂ ತೆಗೆದುಕೊಳ್ಳಬಹುದು. ಇದು 18 ವರ್ಷ ತುಂಬಿದವರಿಗೆ, ಅದೂ 59 ತುಂಬುವವರೆಗೆ ಮಾತ್ರ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಅದು ಆ ಎರಡು ದಿನ ಮತ್ತು ಶುಕ್ರವಾರಗಳಂದು. ಮಾಂಸದ ಬದಲು ಬೇರೆ ತ್ಯಾಗವನ್ನು ಗೊತ್ತುಮಾಡುವ ಅಧಿಕಾರ ಆಯಾ ದೇಶದ ಬಿಷಪರ ಮಂಡಳಿಗೆ ಉಂಟು. ಶುಕ್ರವಾರ ದೊಡ್ಡ ಹಬ್ಬ ಬಿದ್ದರೆ ನಿಯಮವೇ ಇಲ್ಲ. 2020ರಲ್ಲಿ ಕ್ರಿಸ್ಮಸ್ ಶುಕ್ರವಾರ ಬಂದಿತ್ತು, ಅಂದು ಕೋಳಿ ಪದಾರ್ಥ ಮಾಡಿದ್ದು ತಪ್ಪಲ್ಲ.

ಮಾಂಸ ಅಂದರೆ ನೆಲದ ಪ್ರಾಣಿ ಮತ್ತು ಹಕ್ಕಿಗಳ ಮಾಂಸ. ಮೀನು ಆ ಲೆಕ್ಕಕ್ಕೆ ಬರುವುದಿಲ್ಲ. ಮೊಟ್ಟೆ, ಹಾಲು ಕೂಡ ಬರುವುದಿಲ್ಲ ಎಂದು 1966ರಲ್ಲಿ ಪೋಪ್ ಆರನೇ ಪೌಲ್ ಅವರ ಆಜ್ಞೆಯಲ್ಲಿಯೇ ಉಂಟು. ಅಂದರೆ ನನ್ನ ತಂಗಿ ಮೊಟ್ಟೆ ತಿನ್ನಬಹುದಿತ್ತು. ಅವಳಿಗೆ ಇನ್ನೂ ಒಂಬತ್ತು, ಆದ್ದರಿಂದ ಕೋಳಿ ತಿಂದಿದ್ದರೂ ಕಾನೂನಿನಲ್ಲಿ ತಪ್ಪಿರಲಿಲ್ಲ!

ನಲವತ್ತು ದಿನದ ಲೆಕ್ಕವನ್ನೂ ಕೇಳಿದೆ. ವಿಭೂತಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದರೆ 46 ಬರುತ್ತದೆ. ಅದರಲ್ಲಿ ಆರು ಭಾನುವಾರ ಕಳೆಯಬೇಕು. ಭಾನುವಾರ ಪುನರುತ್ಥಾನದ ದಿನ, ಅಂದು ಉಪವಾಸ ಇಲ್ಲ. ಉಳಿದದ್ದು ನಲವತ್ತು.

ಇದನ್ನೆಲ್ಲ ಕೇಳುವಾಗ ನನಗೆ ನೆನಪಾದದ್ದು ಅಜ್ಜಿ. ಅವರಿಗೆ ಎಪ್ಪತ್ತೆರಡು ದಾಟಿದೆ, ಸಕ್ಕರೆ ಕಾಯಿಲೆ. ಕಳೆದ ವರ್ಷ ಶುಭ ಶುಕ್ರವಾರ ಬೆಳಿಗ್ಗೆ ಮಾತ್ರೆ ನುಂಗಿದರು, ಹೊಟ್ಟೆಗೆ ಮಾತ್ರ ಏನೂ ಹಾಕಲಿಲ್ಲ. "ನನ್ನ ದೇವರು ಶಿಲುಬೆಯಲ್ಲಿ ನೇತಾಡುವಾಗ ನಾನು ಗಂಜಿ ಕುಡಿಯುವುದಾ?" ಎಂದು ಅಮ್ಮನ ಬಾಯಿ ಮುಚ್ಚಿಸಿದರು. ಬಿಸಿಲಲ್ಲಿ ಶಿಲುಬೆಯ ಹಾದಿಯ ಜೊತೆ ನಡೆಯುತ್ತಾ ಗುಡ್ಡದ ಅರ್ಧದಲ್ಲಿ ಕುಸಿದು ಬಿದ್ದರು. ಮೈಯೆಲ್ಲ ಬೆವರು, ಮಾತು ತೊದಲು. ಪುಣ್ಯಕ್ಕೆ ಇನ್ನೂ ನುಂಗುವಷ್ಟು ಎಚ್ಚರ ಇತ್ತು. ಯಾರೋ ಓಡಿಹೋಗಿ ತಂದ ಸಕ್ಕರೆ ನೀರು ಕುಡಿಸಿದ ಮೇಲೆ ಸರಿಯಾದರು. ಅವರ ಕೈ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕೂತಾಗ ನನಗಾದ ಹೆದರಿಕೆ ಇವತ್ತಿಗೂ ಮರೆತಿಲ್ಲ.

ಪ್ರಾಯದಿಂದ ನೋಡಿದರೂ ಕಾಯಿಲೆಯಿಂದ ನೋಡಿದರೂ ಆ ಉಪವಾಸ ಅಜ್ಜಿಗೆ ಇರಲೇ ಇಲ್ಲ. ಹನ್ನೆರಡು ವರ್ಷಕ್ಕೂ ಮೊದಲೇ ಅವರಿಗೆ ಬಿಡುಗಡೆ ಸಿಕ್ಕಿತ್ತು. ಆದರೆ ಹೇಳಿದವರು ಯಾರೂ ಇಲ್ಲ. ಹೇಳಿದ್ದರೂ ಅವರು ಕೇಳುತ್ತಿದ್ದರಾ, ಅದು ಬೇರೆ ಮಾತು.

ಇನ್ನೊಂದು ಸಂಗತಿ. ಅಜ್ಜಿ ಭಾನುವಾರ ಪೂಜೆ ಮುಗಿದು ಮನೆಗೆ ಬರುವವರೆಗೆ ಬಿ.ಪಿ. ಮಾತ್ರೆ ಮುಟ್ಟುವುದಿಲ್ಲ. ಪರಮಪ್ರಸಾದಕ್ಕೆ ಮೊದಲು ಏನೂ ತಗೊಳ್ಳಬಾರದು ಎಂದು ಅವರ ಅಮ್ಮ ಕಲಿಸಿದ್ದಂತೆ. ಹಿಂದೆ ಹಾಗೇ ಇತ್ತು. ಮಧ್ಯರಾತ್ರಿಯಿಂದ ಒಂದು ಹನಿ ನೀರೂ ಇಲ್ಲ. 1953ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ನೀರು ಕುಡಿಯಬಹುದು ಅಂದರು, 1957ರಲ್ಲಿ ಊಟದ ನಿಯಮವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಅದು ಒಂದು ಗಂಟೆ ಆಯಿತು. ನೀರಿಗೂ ಮದ್ದಿಗೂ ಈಗ ಅಡ್ಡಿಯೇ ಇಲ್ಲ. ಮುದುಕರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯೂ ಬೇಕಾಗಿಲ್ಲ. ಕಾನೂನು ಬದಲಾಗಿ ಅರವತ್ತು ವರ್ಷ ದಾಟಿತು, ನಮ್ಮ ಅಡಿಗೆಮನೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನನ್ನ ಮೊದಲ ಅಭಿಪ್ರಾಯ ಇದು: ನಿಯಮ ನಮಗಿಂತ ಕರುಣೆಯುಳ್ಳದ್ದು. ನಾವೇ ಅದನ್ನು ಕಲ್ಲು ಮಾಡಿದ್ದೇವೆ. ಆದ್ದರಿಂದ ಮನೆಯ ಹಿರಿಯರಿಗೆ ಸರಿಯಾದ್ದನ್ನು ಕೂತು ಹೇಳಬೇಕು. ನಮ್ಮ ತರಗತಿಯ ಮುಸ್ಲಿಂ ಗೆಳೆಯ ಹೇಳಿದ, ರಂಜಾನಿನಲ್ಲಿ ಕೂಡ ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ವಿನಾಯಿತಿ ಉಂಟಂತೆ. ದೇವರ ಹೆಸರಿನಲ್ಲಿ ಮುದುಕಿಯೊಬ್ಬರು ರಸ್ತೆಯಲ್ಲಿ ಬೀಳಬೇಕು ಎಂದು ಯಾವ ಧರ್ಮ ಹೇಳೀತು?

ಎರಡನೆಯದು ನನ್ನ ಗೆಳೆಯನ ಪ್ರಶ್ನೆ. ಅವನು ತಮಾಷೆಗೆ ಕೇಳಿದರೂ ಪ್ರಶ್ನೆ ಸರಿ ಉಂಟು. ಮೀನು ತಿಂದರೆ ನಿಯಮ ಮುರಿಯುವುದಿಲ್ಲ, ನಿಜ. ಆದರೆ ನಮ್ಮ ಕರಾವಳಿಯಲ್ಲಿ ಮೀನು ಬಿಡುವುದೇ ಕಷ್ಟ, ಕೋಳಿ ಬಿಡುವುದು ಸುಲಭ. ಕೋಳಿಗಿಂತ ಹೆಚ್ಚು ಹಣ ಕೊಟ್ಟು ಅಂಜಲ್ ತಂದು, ಮಸಾಲೆ ಹಚ್ಚಿ ಕಾಯಿಸಿ, ಎರಡು ಸಲ ಅನ್ನ ಹಾಕಿಸಿಕೊಂಡು "ಇವತ್ತು ನಮಗೆ ಮಾಂಸ ಇಲ್ಲ" ಅಂದರೆ ಯಾರು ನಂಬಬೇಕು? ಏಕಾದಶಿಗೆ ಅನ್ನ ಬಿಟ್ಟು ಹೊಟ್ಟೆ ಬಿರಿಯುವಷ್ಟು ಉಪ್ಪಿಟ್ಟು ತಿನ್ನುತ್ತಾರೆ ಎಂದು ಅದೇ ಗೆಳೆಯನನ್ನು ನಾನು ಚೇಡಿಸಿದ್ದುಂಟು. ಇಬ್ಬರ ಮನೆಯ ದೋಸೆಯೂ ತೂತೇ. ನಿಯಮದಲ್ಲಿ ಸಂದು ಹುಡುಕಿದರೆ ನಾಲಿಗೆಗೆ ಲಾಭ, ಮನಸ್ಸಿಗೆ ಏನೂ ಇಲ್ಲ.

ಹಾಗಾದರೆ ನಿಯಮವೇ ಬೇಡ, ಮನಸ್ಸು ಶುದ್ಧ ಇದ್ದರೆ ಸಾಕು ಎಂದು ಕೆಲವು ಅಣ್ಣಂದಿರು ಹೇಳುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಶಾಲೆಯ ಗಂಟೆ ಇಲ್ಲದಿದ್ದರೆ ನಾವು ಎಷ್ಟು ಜನ ಹೊತ್ತಿಗೆ ಸರಿಯಾಗಿ ಒಳಗೆ ಬರುತ್ತಿದ್ದೆವು? ನಿಯಮ ಗಂಟೆಯ ಹಾಗೆ, ಅದು ಕರೆಯುತ್ತದೆ. ಒಳಗೆ ಬಂದು ಕಲಿಯುವುದು ನಮ್ಮ ಕೆಲಸ. ಮೊಂತಿ ಹಬ್ಬವನ್ನೇ ನೋಡಿ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆ ಮನೆಗೆ ತಂದು ಎಲ್ಲರೂ ಒಟ್ಟಿಗೆ ಊಟ ಮಾಡುವಾಗ ಮೀನೂ ಇಲ್ಲ, ಮಾಂಸವೂ ಇಲ್ಲ, ಬರೇ ತರಕಾರಿ. ಹಾಗೆ ಮಾಡಿ ಎಂದು ರೋಮಿನ ಕಾನೂನು ಹೇಳಿಲ್ಲ, ಹಿರಿಯರು ಪ್ರೀತಿಯಿಂದ ನಡೆಸಿಕೊಂಡು ಬಂದದ್ದು. ಅಂದು ಯಾರಿಗೂ ಮೀನಿನ ನೆನಪೇ ಬರುವುದಿಲ್ಲ!

ನಮ್ಮ ಅಪ್ಪ ಈ ತಪಸ್ಸುಕಾಲದಲ್ಲಿ ಬೀಡಿ ಬಿಟ್ಟಿದ್ದಾರೆ. ಆ ಹಣವನ್ನು ದಿನಾ ಒಂದು ಡಬ್ಬಿಗೆ ಹಾಕುತ್ತಾರೆ, ಈಸ್ಟರ್‌ಗೆ ಮೊದಲು ಅದು ಕಷ್ಟದಲ್ಲಿರುವ ನೆರೆಮನೆಗೆ ಹೋಗುತ್ತದೆ. ಮೂರನೇ ದಿನ ಅವರಿಗೆ ಎಲ್ಲರ ಮೇಲೂ ಸಿಟ್ಟು, ಚಾ ಗ್ಲಾಸು ಕುಕ್ಕಿದರು. ಆದರೂ ಬೀಡಿ ಮುಟ್ಟಲಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳಲೂ ಇಲ್ಲ. (ಇಲ್ಲಿ ಬರೆದದ್ದಕ್ಕೆ ನನಗೆ ಬೈಗುಳ ಖಂಡಿತ.) ಉಪವಾಸ ಅಂದರೆ ಇದು ಎಂದು ನನಗೆ ಅನಿಸುತ್ತದೆ: ತನಗೆ ಕಷ್ಟ ಆಗಬೇಕು, ಇನ್ನೊಬ್ಬರಿಗೆ ಉಪಕಾರ ಆಗಬೇಕು, ಡಂಗುರ ಸಾರಬಾರದು. ನಾನು ಈ ನಲವತ್ತು ದಿನ ಮೀನು ಬಿಟ್ಟು ನೋಡುತ್ತಿದ್ದೇನೆ. ಎರಡು ಸಲ ತಪ್ಪಿದ್ದೇನೆ, ಸುಳ್ಳು ಬರೆಯುವುದಿಲ್ಲ.

ಅಜ್ಜಿಗೆ ಇದನ್ನೆಲ್ಲ ಹೇಳಿದೆ. "ನಿನ್ನೆ ಹುಟ್ಟಿದವನು ನನಗೆ ಉಪವಾಸ ಕಲಿಸುತ್ತೀಯಾ?" ಅಂದರು. ಆದರೆ ಈ ಭಾನುವಾರ ಬೆಳಿಗ್ಗೆ ಮಾತ್ರೆ ನುಂಗಿಯೇ ಪೂಜೆಗೆ ಹೊರಟರು. ಶುಭ ಶುಕ್ರವಾರ ಗಂಜಿ ಕುಡಿಸುವ ಕೆಲಸ ಇನ್ನು ಬಾಕಿ ಉಂಟು.

ಗೆಳೆಯರೇ, ನಿಮ್ಮ ಮನೆಯ ಶಿವರಾತ್ರಿ, ಏಕಾದಶಿ, ರೋಜಾಗಳ ಬಗ್ಗೆ ನೀವೂ ಬರೆದು ಮುಂದಿನ ಸಂಚಿಕೆಗೆ ಕೊಡಿ. ಊಟದ ಸಾಲಿನಲ್ಲಿ ನಗುವ ಬದಲು ಇಲ್ಲಿ ಓದಿ ತಿಳಿದುಕೊಳ್ಳುವ. ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

– ಒಂಬತ್ತನೇ ತರಗತಿಯ ವಿದ್ಯಾರ್ಥಿ